ಮೊದಲ ವಿದೇಶ ಪ್ರವಾಸ ಥಾಯ್ಲೆಂಡಿಗೆ: ಕುಟುಂಬದೊಂದಿಗೆ ಸುರಕ್ಷಿತವಾಗಿ ಹೋಗಿಬರುವ ಬಗೆ

ಕರ್ನಾಟಕದ ಅನೇಕ ಕುಟುಂಬಗಳು ಮೊದಲ ಬಾರಿಗೆ ಕಾಣುವ ವಿದೇಶ ಥಾಯ್ಲೆಂಡ್. ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ನಾಲ್ಕು ಗಂಟೆಯೊಳಗೆ ಬ್ಯಾಂಕಾಕ್ ತಲುಪಬಹುದು. ಅಲ್ಲಿನ ಖರ್ಚು ಯುರೋಪಿನಷ್ಟು ದುಬಾರಿಯಲ್ಲ. ಮಕ್ಕಳಿಗೆ ಕಡಲತೀರ, ಹಿರಿಯರಿಗೆ ಬುದ್ಧನ ದೇವಾಲಯಗಳು, ಎಲ್ಲರಿಗೂ ಮಾರುಕಟ್ಟೆ. ಹೊರಡುವ ಮುನ್ನ ಮನೆಮಂದಿ ಹೆಚ್ಚಾಗಿ ಚಿಂತಿಸುವುದು ಜೇಬುಗಳ್ಳರು, ಊಟ ಮತ್ತು ಭಾಷೆಯ ಬಗ್ಗೆ. ಈ ಮೂರೂ ಕಿರಿಕಿರಿ ಕೊಡಬಹುದಾದರೂ ಪ್ರಾಣಕ್ಕೆ, ಜೀವಮಾನದ ಉಳಿತಾಯಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಕುತ್ತು ತರುವ ಸಂಗತಿಗಳು ಬೇರೆಯೇ ಇವೆ: ಬಾಡಿಗೆಯ ಸ್ಕೂಟರ್, ಮಳೆಗಾಲದ ಸಮುದ್ರ, ಓದದೆ ಕೊಂಡ ವಿಮೆ ಮತ್ತು ಬೇರೆಯವರು ಕೈಗಿತ್ತ ಚೀಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎಲ್ಲ ವಿಷಯಗಳಿಗೂ ಒಂದೇ ಅಳತೆಯ ಜಾಗ ಕೊಟ್ಟಿಲ್ಲ.

ಮೊದಲ ಹೆಜ್ಜೆ: ಕಾಲ ಮತ್ತು ಜಾಗದ ಆಯ್ಕೆ

ಟಿಕೆಟ್ ಕೊಳ್ಳುವ ಮೊದಲು ನಕ್ಷೆಯನ್ನೊಮ್ಮೆ ನೋಡಿರಿ. ಥಾಯ್ಲೆಂಡಿಗೆ ಎರಡು ಕಡಲುಗಳಿವೆ. ಪುಕೆಟ್, ಕ್ರಾಬಿ, ಫಿಫಿ ದ್ವೀಪಗಳು ಪಶ್ಚಿಮದ ಅಂಡಮಾನ್ ಸಮುದ್ರದಲ್ಲಿವೆ. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಈ ಸಮುದ್ರವನ್ನೂ ಕಲಕುತ್ತದೆ. ಪೂರ್ವದ ಥಾಯ್ಲೆಂಡ್ ಕೊಲ್ಲಿಯಲ್ಲಿರುವ ಸಮುಯಿ ದ್ವೀಪಕ್ಕೆ ಜೋರುಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹೀಗಾಗಿ ಶಾಲೆಗಳ ದಸರಾ ರಜೆಯಲ್ಲಿ ಹೊರಡುವವರು ಎರಡೂ ಕಡೆಯ ಹವಾಮಾನವನ್ನು ವಿಚಾರಿಸಬೇಕು. ಮೇ ತಿಂಗಳ ರಜೆಯಲ್ಲಿ ಪುಕೆಟ್ ಪ್ಯಾಕೇಜ್ ಅಗ್ಗವಾಗಿ ಸಿಗುವುದಕ್ಕೂ ಒಂದು ಕಾರಣವಿದೆ, ಆ ಹೊತ್ತಿಗೆ ಕಡಲು ಕೆರಳಲು ಆರಂಭಿಸಿರುತ್ತದೆ. ಹಿರಿಯರನ್ನೂ ಚಿಕ್ಕ ಮಕ್ಕಳನ್ನೂ ಕರೆದೊಯ್ಯುವವರಿಗೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಕಾಲವೇ ಪಶ್ಚಿಮ ತೀರಕ್ಕೆ ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ.

ಏಪ್ರಿಲ್ 13ರಿಂದ 15ರವರೆಗೆ ಅಲ್ಲಿನ ಹೊಸ ವರ್ಷದ ಹಬ್ಬವಾದ ಸೊಂಗ್‌ಕ್ರಾನ್ ನಡೆಯುತ್ತದೆ. ಬೀದಿಬೀದಿಗಳಲ್ಲಿ ನೀರೆರಚುವ ಆ ಸಂಭ್ರಮ ನೋಡುವಂಥದ್ದೇ, ಆದರೆ ಅಲ್ಲಿನ ರಸ್ತೆ ಅಪಘಾತಗಳು ವಿಪರೀತವಾಗುವುದೂ ಆ ವಾರದಲ್ಲೇ. ಅಲ್ಲಿನ ಸರಕಾರವೇ ಹಬ್ಬದ ಆಸುಪಾಸಿನ ಏಳು ದಿನಗಳನ್ನು ಅಪಾಯದ ದಿನಗಳೆಂದು ಗುರುತಿಸಿ ಪ್ರತಿದಿನದ ಅಪಘಾತಗಳ ಲೆಕ್ಕವನ್ನು ಪ್ರಕಟಿಸುತ್ತದೆ. ಆ ದಿನಗಳಲ್ಲಿ ಒಂದೇ ಊರಿನಲ್ಲಿ ಉಳಿಯಿರಿ, ದೂರದ ರಸ್ತೆ ಪ್ರಯಾಣವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿರಿ.

ದೇಶದ ಕೆಲವು ಭಾಗಗಳಿಗೆ ಸದ್ಯಕ್ಕೆ ಹೋಗದಿರುವುದೇ ಕ್ಷೇಮ. ಮಲೇಷ್ಯಾ ಗಡಿಯ ಸಮೀಪದ ಪಟ್ಟಾನಿ, ಯಲಾ, ನರಾಥಿವಾಟ್ ಪ್ರಾಂತ್ಯಗಳಲ್ಲಿ 2004ರಿಂದ ಸಶಸ್ತ್ರ ಸಂಘರ್ಷ ನಡೆದಿದೆ. 2025ರ ಜುಲೈನಲ್ಲಿ ಕಾಂಬೋಡಿಯಾ ಗಡಿಯಲ್ಲಿ ಎರಡೂ ದೇಶಗಳ ಸೇನೆಗಳು ಕಾದಾಡಿದಾಗ ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯು ಸುರಿನ್, ಸಿಸಾಕೆಟ್, ಟ್ರಾಟ್ ಮೊದಲಾದ ಏಳು ಗಡಿ ಪ್ರಾಂತ್ಯಗಳಿಗೆ ಹೋಗಬೇಡಿರೆಂದು ಸೂಚನೆ ಹೊರಡಿಸಿತ್ತು. ಇಂತಹ ಸೂಚನೆಗಳನ್ನು ಟ್ರಾವೆಲ್ ಏಜೆಂಟ್ ತಾನಾಗಿ ಹೇಳುತ್ತಾನೆಂದು ಕಾಯಬೇಡಿರಿ, ರಾಯಭಾರ ಕಚೇರಿಯ ಜಾಲತಾಣವನ್ನು ಬುಕಿಂಗ್ ಮಾಡುವ ದಿನ ಒಮ್ಮೆ, ಹೊರಡುವ ವಾರದಲ್ಲಿ ಮತ್ತೊಮ್ಮೆ ನೀವೇ ತೆರೆದು ನೋಡಿರಿ.

ಎರಡನೆಯ ಹೆಜ್ಜೆ: ಕಾಗದಪತ್ರ

ಮನೆಯ ಎಲ್ಲರ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಮುಕ್ತಾಯದ ದಿನಾಂಕವನ್ನು ಓದಿರಿ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದೇ ವರ್ಷವಾದ್ದರಿಂದ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಭಾರತೀಯ ಪ್ರವಾಸಿಗರಿಗೆ 2024ರ ಜುಲೈನಲ್ಲಿ 60 ದಿನಗಳ ವೀಸಾ ವಿನಾಯಿತಿ ಜಾರಿಗೆ ಬಂತು, ಆದರೆ ಈ ನಿಯಮ ಬದಲಾಗುತ್ತಲೇ ಬಂದಿರುವುದರಿಂದ ಹೊರಡುವ ವೇಳೆಯ ನಿಯಮವನ್ನೇ ನಂಬಬೇಕು, ಕಳೆದ ವರ್ಷ ಹೋಗಿಬಂದ ನೆಂಟರ ಮಾತನ್ನಲ್ಲ.

2025ರ ಮೇ 1ರಿಂದ ಪ್ರತಿಯೊಬ್ಬ ವಿದೇಶೀಯನೂ ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ತಲುಪುವುದಕ್ಕೆ ಮುಂಚಿನ ಮೂರು ದಿನಗಳ ಒಳಗೆ ಅದನ್ನು ಸಲ್ಲಿಸಬಹುದು ಮತ್ತು ಅದಕ್ಕೆ ಒಂದು ರೂಪಾಯಿಯ ಶುಲ್ಕವೂ ಇಲ್ಲ. ಆದರೆ ಅದೇ ಹೆಸರಿನಲ್ಲಿ ಹಣ ಕೇಳುವ, ಪಾಸ್‌ಪೋರ್ಟಿನ ವಿವರಗಳನ್ನು ದೋಚುವ ನಕಲಿ ತಾಣಗಳು ಹುಟ್ಟಿಕೊಂಡಿವೆ. ಥಾಯ್ಲೆಂಡಿನ ವಲಸೆ ಇಲಾಖೆಯ ಅಧಿಕೃತ ತಾಣದ ವಿಳಾಸ 'ಗೋ ಡಾಟ್ ಟಿಎಚ್' ಎಂದು ಮುಗಿಯುತ್ತದೆ, ಹಾಗೆ ಮುಗಿಯದ ತಾಣದಲ್ಲಿ ನಿಮ್ಮ ಮಾಹಿತಿ ಕೊಡಬೇಡಿರಿ.

ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವಿಮಾನ ಟಿಕೆಟ್, ಹೋಟೆಲ್ ಬುಕಿಂಗ್, ವಿಮೆಯ ಪಾಲಿಸಿ ಇವುಗಳ ಎರಡು ಜೆರಾಕ್ಸ್ ಪ್ರತಿ ಮಾಡಿಸಿ ಒಂದನ್ನು ಬೇರೆ ಬ್ಯಾಗಿನಲ್ಲಿಟ್ಟು, ಇನ್ನೊಂದನ್ನು ಊರಿನಲ್ಲಿ ಉಳಿಯುವ ಒಬ್ಬರ ಕೈಗೆ ಕೊಡಿರಿ. ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೋಗಳೂ ಜೊತೆಗಿರಲಿ. ಪಾಸ್‌ಪೋರ್ಟ್ ಕಳೆದ ದಿನ ಅವು ಎಷ್ಟು ಬೆಲೆಯುಳ್ಳವು ಎಂಬುದು ತಿಳಿಯುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಸಾಕೆನ್ನುವವರು, ಪಾಸ್‌ಪೋರ್ಟ್ ಮತ್ತು ಮೊಬೈಲ್ ಬಹಳ ಸಲ ಒಂದೇ ಚೀಲದಲ್ಲಿರುತ್ತವೆ, ಹಾಗಾಗಿ ಒಟ್ಟಿಗೇ ಕಳೆಯುತ್ತವೆ ಎಂಬುದನ್ನು ನೆನಪಿಡಬೇಕು.

ಮೂರನೆಯ ಹೆಜ್ಜೆ: ವಿಮೆ ಮತ್ತು ಔಷಧಿ

ಪ್ಯಾಕೇಜಿನ ಜೊತೆ ಬರುವ ವಿಮೆಯನ್ನು ಯಾರೂ ಓದುವುದಿಲ್ಲ. ದಯವಿಟ್ಟು ಓದಿರಿ. ಬ್ಯಾಂಕಾಕ್ ಮತ್ತು ಪುಕೆಟ್‌ನ ಖಾಸಗಿ ಆಸ್ಪತ್ರೆಗಳು ಬಹಳ ಉತ್ತಮವಾಗಿವೆ, ಅಷ್ಟೇ ದುಬಾರಿಯೂ ಆಗಿವೆ. ತೊಡೆಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗುವ ಮೊದಲು ವಿಮಾ ಕಂಪನಿಯ ಖಾತರಿ ಪತ್ರವನ್ನೋ ದೊಡ್ಡ ಮೊತ್ತದ ಠೇವಣಿಯನ್ನೋ ಕೇಳುತ್ತವೆ. ಪಾಲಿಸಿಯಲ್ಲಿ ಹುಡುಕಿ ನೋಡಬೇಕಾದ ಅಂಶಗಳು ನಾಲ್ಕು. ತಂದೆತಾಯಿಯರಿಗೆ ಈಗಾಗಲೇ ಇರುವ ರಕ್ತದೊತ್ತಡ, ಮಧುಮೇಹ, ಹೃದ್ರೋಗದಿಂದ ಬರುವ ತುರ್ತು ಚಿಕಿತ್ಸೆಗೆ ಹಣ ಸಿಗುವುದೇ? ಸ್ನಾರ್ಕೆಲಿಂಗ್, ಪ್ಯಾರಾಸೇಲಿಂಗ್‌ನಂತಹ ಆಟಗಳಲ್ಲಿ ಆದ ಗಾಯ ಸೇರಿದೆಯೇ? ದ್ವೀಪದಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ, ಅಗತ್ಯ ಬಿದ್ದರೆ ಭಾರತಕ್ಕೆ ಕರೆತರುವ ವೆಚ್ಚ ಸೇರಿದೆಯೇ? ದ್ವಿಚಕ್ರ ವಾಹನದ ಅಪಘಾತಕ್ಕೆ ಏನು ಷರತ್ತು? ಕುಡಿದಿದ್ದಾಗ ಆದ ಅನಾಹುತಕ್ಕೂ, ಲೈಸೆನ್ಸ್ ಇಲ್ಲದೆ ವಾಹನ ಓಡಿಸಿದಾಗ ಆದ ಅನಾಹುತಕ್ಕೂ ಪಾಲಿಸಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮನೆಯಲ್ಲಿ ಮೊದಲೇ ಇರುವ ಕಾಯಿಲೆಯನ್ನು ಮುಚ್ಚಿಟ್ಟು ಕೊಂಡ ವಿಮೆ ಕಷ್ಟಕಾಲದಲ್ಲಿ ಕೈಹಿಡಿಯುವುದಿಲ್ಲ. ಒಂದೆರಡು ಸಾವಿರ ಹೆಚ್ಚಾದರೂ ನಿಜ ಹೇಳಿಯೇ ಕೊಳ್ಳಿರಿ.

ದಿನನಿತ್ಯದ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗುವಷ್ಟು, ಅವುಗಳ ಮೂಲ ಸ್ಟ್ರಿಪ್ಪಿನಲ್ಲಿಯೇ, ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಇನ್ಸುಲಿನ್ ಕೂಡ ಲಗೇಜಿಗೆ ಹಾಕುವ ವಸ್ತುವಲ್ಲ. ವೈದ್ಯರಿಂದ ಔಷಧಿಯ ಮೂಲ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಪಡೆಯಿರಿ. ನಿದ್ರೆಗೆ ಮತ್ತು ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್, ನೋವಿಗೆ ಕೊಡುವ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್ ಇವುಗಳ ಮೇಲೆ ಥಾಯ್ಲೆಂಡಿನಲ್ಲಿ ಬಿಗಿಯಾದ ನಿಯಂತ್ರಣವಿದೆ, ಕೆಲವಕ್ಕೆ ಮುಂಗಡ ಅನುಮತಿಯೇ ಬೇಕು. ಅಂಥವು ನಿಮ್ಮ ಪಟ್ಟಿಯಲ್ಲಿದ್ದರೆ ಹೊರಡುವ ಮೊದಲೇ ವೈದ್ಯರೊಂದಿಗೆ ಮಾತನಾಡಿರಿ. ನಮ್ಮಲ್ಲಿರುವಂತೆ ಅಲ್ಲಿಯೂ ಡೆಂಗಿ ಇದೆ, ಸೊಳ್ಳೆ ನಿವಾರಕ ಮುಲಾಮು ಹಗಲಿನಲ್ಲಿಯೂ ಬೇಕು. ನಲ್ಲಿ ನೀರು ಕುಡಿಯಬೇಡಿರಿ. ಶೇಂಗಾ, ಸಿಗಡಿ, ಮೀನು ಅಲರ್ಜಿ ಇರುವವರು ಆ ಮಾತನ್ನು ಥಾಯ್ ಲಿಪಿಯಲ್ಲಿ ಮುದ್ರಿಸಿದ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಲೇಬೇಕು, ಏಕೆಂದರೆ ತರಕಾರಿ ಪಲ್ಯದಂತೆ ಕಾಣುವ ಪದಾರ್ಥದಲ್ಲಿಯೂ ಮೀನಿನ ಸಾಸ್ ಇರುವುದುಂಟು, ಶೇಂಗಾ ಪುಡಿಯಂತೂ ಬಹಳ ತಿನಿಸುಗಳ ಮೇಲೆ ಉದುರಿರುತ್ತದೆ.

ನಾಲ್ಕನೆಯ ಹೆಜ್ಜೆ: ಹಣ, ಫೋನ್, ಒಡವೆ

ಭಾರತೀಯ ಬ್ಯಾಂಕುಗಳ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿರುತ್ತದೆ. 2020ರಿಂದ ಇದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ದಿನದ ಮಿತಿಯನ್ನು ಕಡಿಮೆ ಇರಿಸಿರಿ. ಗಂಡನ ಕಾರ್ಡು ಮತ್ತು ಹೆಂಡತಿಯ ಕಾರ್ಡು ಬೇರೆ ಬೇರೆ ಚೀಲದಲ್ಲಿರಲಿ. ಅಲ್ಲಿನ ಎಟಿಎಮ್‌ಗಳು ವಿದೇಶಿ ಕಾರ್ಡಿಗೆ ಪ್ರತಿ ಸಲವೂ 200 ಬಹ್ತ್‌ಗೂ ಹೆಚ್ಚು ಶುಲ್ಕ ಹಿಡಿಯುವುದರಿಂದ ಪದೇಪದೇ ಸಣ್ಣ ಮೊತ್ತ ತೆಗೆಯುವುದು ನಷ್ಟ. ಯಂತ್ರವು ರೂಪಾಯಿಯಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡವೆಂದು ಬಹ್ತ್‌ನಲ್ಲಿಯೇ ಮುಂದುವರಿಯಿರಿ. ಬ್ಯಾಂಕಿನ ಒಟಿಪಿ ಬರುವುದು ನಿಮ್ಮ ಭಾರತದ ನಂಬರಿಗೆ ಆದ್ದರಿಂದ ಅಲ್ಲಿನ ಸಿಮ್ ಹಾಕಿಕೊಂಡರೂ ಇಲ್ಲಿನ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಬೇಕು.

ಮದುವೆ ಮನೆಗೆ ಹೋಗುವಂತೆ ಒಡವೆ ಹಾಕಿಕೊಂಡು ಹೊರಡಬೇಡಿರಿ. ಪಟ್ಟಾಯದ ಬೀದಿಗಳಲ್ಲಿ ಭಾರತೀಯ ಪ್ರವಾಸಿಗರ ಚಿನ್ನದ ಸರ ಕಿತ್ತುಕೊಂಡ ಸುದ್ದಿಗಳು ಮತ್ತೆ ಮತ್ತೆ ಬಂದಿವೆ. ಮಾಂಗಲ್ಯವನ್ನು ತೆಗೆದಿಡಲು ಮನಸ್ಸಾಗದವರು ಅದನ್ನು ಉಡುಪಿನ ಒಳಗೆ ಧರಿಸಬಹುದು. ಬೆಲೆಬಾಳುವ ಒಡವೆ ಧರಿಸಿಯೇ ಹೋಗುವುದಾದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯಿರಿ. ಮರಳುವಾಗ ಅದು ವಿದೇಶದಲ್ಲಿ ಕೊಂಡ ಚಿನ್ನವಲ್ಲವೆಂದು ತೋರಿಸಲು ಅದೇ ಆಧಾರ.

ಐದನೆಯ ಹೆಜ್ಜೆ: ಇಳಿದ ಮೊದಲ ಗಂಟೆ

ರಾತ್ರಿ ವಿಮಾನದಲ್ಲಿ ನಿದ್ದೆಗೆಟ್ಟು ಇಳಿದ ಹೊತ್ತಿನಲ್ಲಿಯೇ ಬ್ಯಾಗು ಮರೆಯುವುದು, ಕೇಳಿದಷ್ಟು ಹಣ ಕೊಡುವುದು ನಡೆಯುವುದು. ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದಲ್ಲಿ ಒಳಗೇ ಎದುರಾಗಿ ಟ್ಯಾಕ್ಸಿ ಬೇಕೇ ಎನ್ನುವವರನ್ನು ಬಿಟ್ಟು ನೆಲಮಹಡಿಯ (ಅಲ್ಲಿನ ಫಲಕಗಳಲ್ಲಿ 1ನೆಯ ಮಹಡಿ) ಸಾರ್ವಜನಿಕ ಟ್ಯಾಕ್ಸಿ ಸಾಲಿಗೆ ಹೋಗಿರಿ. ಅಲ್ಲಿನ ಯಂತ್ರ ಕೊಡುವ ಚೀಟಿಯನ್ನು ಚಾಲಕನಿಗೆ ಕೊಡದೆ ನಿಮ್ಮಲ್ಲೇ ಇಟ್ಟುಕೊಳ್ಳಿರಿ, ದೂರು ಕೊಡಬೇಕಾದರೆ ಅದೇ ದಾಖಲೆ. ಮೀಟರ್ ದರದ ಮೇಲೆ ನಿಲ್ದಾಣದ 50 ಬಹ್ತ್ ಮತ್ತು ಟೋಲ್ ಸೇರುತ್ತವೆ. ಲಗೇಜು ಕಡಿಮೆಯಿದ್ದರೆ ನಗರದೊಳಕ್ಕೆ ಹೋಗುವ ರೈಲು ಅಗ್ಗವೂ ಹೌದು, ಸುರಕ್ಷಿತವೂ ಹೌದು. ಹೋಟೆಲಿನ ಹೆಸರನ್ನು ಥಾಯ್ ಲಿಪಿಯಲ್ಲಿ ಬರೆದುಕೊಂಡಿದ್ದರೆ ಚಾಲಕನೊಂದಿಗೆ ಅರ್ಧ ಗಂಟೆಯ ಗೊಂದಲ ತಪ್ಪುತ್ತದೆ.

ಕೋಣೆ ಸೇರಿದ ಕೂಡಲೇ ಎಲ್ಲರೂ ಒಟ್ಟಾಗಿ ಹೋಗಿ ತುರ್ತು ಮೆಟ್ಟಿಲು ಎಲ್ಲಿದೆಯೆಂದು ನೋಡಿ ಬನ್ನಿರಿ. 2025ರ ಮಾರ್ಚ್ 28ರಂದು ಮ್ಯಾನ್ಮಾರಿನಲ್ಲಿ ಆದ ಭೂಕಂಪಕ್ಕೆ ಬ್ಯಾಂಕಾಕಿನ ಎತ್ತರದ ಕಟ್ಟಡಗಳೆಲ್ಲ ತೂಗಾಡಿ, ನಿರ್ಮಾಣದಲ್ಲಿದ್ದ ಒಂದು ಬಹುಮಹಡಿ ಕಟ್ಟಡ ಕುಸಿದು ಬಿದ್ದಿತು. ನೆಲ ನಡುಗಿದಾಗ ಲಿಫ್ಟ್ ಬಳಸದೆ, ಕಿಟಕಿ ಗಾಜಿನಿಂದ ದೂರ, ಗಟ್ಟಿ ಮೇಜಿನ ಕೆಳಗೆ ಕುಳಿತು, ನಡುಕ ನಿಂತ ಮೇಲೆ ಮೆಟ್ಟಿಲಿಳಿದು ಹೊರಬರಬೇಕು. ಹೋಟೆಲಿನ ಈಜುಕೊಳದ ಬಳಿ ಕಾವಲುಗಾರ ಇರುತ್ತಾನೆಂದು ಭಾವಿಸಿ ಮಕ್ಕಳನ್ನು ಬಿಡಬೇಡಿರಿ. ಎಷ್ಟೋ ಕಡೆ ಯಾರೂ ಇರುವುದಿಲ್ಲ.

ಆರನೆಯ ಹೆಜ್ಜೆ: ರಸ್ತೆ

ಇಡೀ ಪ್ರವಾಸದಲ್ಲಿ ಅತ್ಯಂತ ದೊಡ್ಡ ಅಪಾಯ ಯಾವುದೆಂದು ಯಾರಾದರೂ ಕೇಳಿದರೆ ನಾನು ಅನುಮಾನವಿಲ್ಲದೆ ಬಾಡಿಗೆ ಸ್ಕೂಟರ್ ಎನ್ನುತ್ತೇನೆ. ಥಾಯ್ಲೆಂಡ್ ಏಷ್ಯಾದಲ್ಲಿಯೇ ರಸ್ತೆ ಸಾವಿನ ಪ್ರಮಾಣ ಹೆಚ್ಚಿರುವ ದೇಶಗಳಲ್ಲಿ ಒಂದು, ಸಾಯುವವರಲ್ಲಿ ಬಹುಪಾಲು ದ್ವಿಚಕ್ರ ವಾಹನದವರು. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ಎಡಗಡೆಯೇ ಚಲಿಸುತ್ತವೆ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಿಸಿದವರಿಗೆ ಅಲ್ಲಿನ ರಸ್ತೆ ಖಾಲಿಯಾಗಿಯೇ ಕಾಣುತ್ತದೆ. ಈ ಆತ್ಮವಿಶ್ವಾಸವೇ ಮೋಸ ಮಾಡುತ್ತದೆ. ಖಾಲಿ ರಸ್ತೆಯಲ್ಲಿ ವೇಗ ಹೆಚ್ಚು, ಪುಕೆಟ್‌ನ ಪಟೋಂಗ್ ಗುಡ್ಡದ ಇಳಿಜಾರಿನಂತಹ ತಿರುವುಗಳು ಮಳೆಯಲ್ಲಿ ಜಾರುತ್ತವೆ, ಬಾಡಿಗೆಗೆ ಕೊಟ್ಟ ಗಾಡಿಯ ಬ್ರೇಕು ಎಷ್ಟು ಸವೆದಿದೆಯೆಂಬುದು ನಿಮಗೆ ಗೊತ್ತಿರುವುದಿಲ್ಲ.

ಓಡಿಸಲೇಬೇಕೆಂದಿದ್ದರೆ ಬಿಡದೆ ಮಾಡಬೇಕಾದ ಕೆಲಸಗಳಿವೆ. ಊರಿನಲ್ಲಿರುವಾಗಲೇ ನಿಮ್ಮ ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ, ಅದು ಒಂದು ವರ್ಷ ಊರ್ಜಿತವಾಗಿರುತ್ತದೆ. ನಿಮ್ಮ ಲೈಸೆನ್ಸಿನಲ್ಲಿ ಕಾರಿನ ಅನುಮತಿ ಮಾತ್ರ ಇದ್ದು ಬೈಕಿನದು ಇಲ್ಲದಿದ್ದರೆ ಆ ಪರವಾನಗಿಯೂ ಬೈಕಿಗೆ ಸಲ್ಲುವುದಿಲ್ಲ, ಅಪಘಾತವಾದರೆ ವಿಮೆಯೂ ಸಲ್ಲುವುದಿಲ್ಲ. ಅಂಗಡಿಯವನು ಯಾವ ಲೈಸೆನ್ಸನ್ನೂ ಕೇಳದೆ ಗಾಡಿ ಕೊಡುತ್ತಾನೆ. ಆದರೆ ಅವನು ಕೇಳಲಿಲ್ಲವೆಂದ ಮಾತ್ರಕ್ಕೆ ಕಾನೂನು ಸುಮ್ಮನಿರುವುದಿಲ್ಲ. ಪಾಸ್‌ಪೋರ್ಟನ್ನು ಒತ್ತೆಯಾಗಿ ಎಂದಿಗೂ ಕೊಡಬೇಡಿರಿ, ನಗದು ಠೇವಣಿ ಒಪ್ಪದ ಅಂಗಡಿಯನ್ನು ಬಿಟ್ಟು ಬನ್ನಿರಿ. ಗಾಡಿಯ ಮೇಲೆ ಈಗಾಗಲೇ ಇರುವ ಪ್ರತಿ ಗೀರನ್ನೂ ಅಂಗಡಿಯವನ ಎದುರಿನಲ್ಲೇ ವಿಡಿಯೋ ಮಾಡಿಕೊಳ್ಳಿರಿ. ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕು. ಇಲ್ಲದಿದ್ದರೆ 2,000 ಬಹ್ತ್‌ವರೆಗೆ ದಂಡವಿದೆ.

ಮಕ್ಕಳಿರುವ ಕುಟುಂಬಕ್ಕೆ ಸ್ಕೂಟರಿನ ಮಾತೇ ಬೇಡ. ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳಲ್ಲಿ ಕಾರು ಸಿಗುತ್ತದೆ, ದರ ಮೊದಲೇ ಕಾಣುತ್ತದೆ, ಚಾಲಕನ ವಿವರ ದಾಖಲಾಗುತ್ತದೆ. ಊರಿಂದೂರಿಗೆ ವ್ಯಾನ್ ಮಾಡಿಕೊಂಡಾಗ ಹಿಂದಿನ ಸೀಟಿನವರೂ ಸೀಟ್‌ಬೆಲ್ಟ್ ಹಾಕಿಕೊಳ್ಳಬೇಕು. ನಮ್ಮವರಿಗೆ ಈ ಅಭ್ಯಾಸ ಕಡಿಮೆ. ದುಡ್ಡು ಮತ್ತು ಒಂದು ಹೋಟೆಲ್ ರಾತ್ರಿ ಉಳಿಸಲೆಂದು ಇಡೀ ರಾತ್ರಿ ಓಡುವ ವ್ಯಾನಿಗಿಂತ ಹಗಲು ಪ್ರಯಾಣವನ್ನೇ ಆರಿಸಿಕೊಳ್ಳಿರಿ.

ಏಳನೆಯ ಹೆಜ್ಜೆ: ಸಮುದ್ರ

ಕರ್ನಾಟಕದ ಒಳನಾಡಿನವರಲ್ಲಿ ಈಜು ಬಲ್ಲವರು ಕಡಿಮೆ, ಬಲ್ಲವರೂ ಕಲಿತದ್ದು ಕೆರೆ, ಬಾವಿ ಅಥವಾ ಕೊಳದಲ್ಲಿ. ಸಮುದ್ರದ ನಡೆ ಬೇರೆ. ದಡಕ್ಕೆ ಬಂದ ಅಲೆಗಳ ನೀರು ಮರಳಿ ಹೋಗಲು ಕಿರಿದಾದ ಒಂದು ದಾರಿ ಮಾಡಿಕೊಂಡು ರಭಸವಾಗಿ ಒಳಕ್ಕೆ ಹರಿಯುತ್ತದೆ. ನೋಡುವವರಿಗೆ ಆ ಜಾಗವೇ ಅಲೆಯಿಲ್ಲದೆ ಶಾಂತವಾಗಿ ಕಾಣುವುದರಿಂದ ಮಕ್ಕಳನ್ನು ಅಲ್ಲಿಗೇ ಇಳಿಸುತ್ತಾರೆ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಈಜಲು ಹೋಗಿ ದಣಿದು ಮುಳುಗುತ್ತಾರೆ. ಸಿಕ್ಕಿಬಿದ್ದರೆ ಹೋರಾಡದೆ ಮೈಚೆಲ್ಲಿ ತೇಲುತ್ತ, ಕೈಯೆತ್ತಿ ಸಹಾಯ ಕೇಳಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಗ್ಗಿದ ಮೇಲೆ ದಡದತ್ತ ತಿರುಗಬೇಕು. ಪುಕೆಟ್‌ನ ಕಡಲತೀರಗಳಲ್ಲಿ ಮಳೆಗಾಲದಲ್ಲಿ ಕೆಂಪು ಬಾವುಟ ಹಾರುತ್ತಿರುತ್ತದೆ. ಕೆಂಪು ಬಾವುಟವಿದ್ದರೆ ಮೊಣಕಾಲುದ್ದದ ನೀರಿಗೂ ಇಳಿಯಬಾರದು, ಬಾವುಟವೇ ಇಲ್ಲದ, ಕಾವಲುಗಾರರಿಲ್ಲದ ತೀರದಲ್ಲಿಯೂ ಇಳಿಯಬಾರದು. ಸಂಜೆ ಕುಡಿದು ಕಡಲಿಗೆ ಇಳಿಯುವವರನ್ನು ಜೊತೆಗಿದ್ದವರು ತಡೆಯಲೇಬೇಕು.

2018ರ ಜುಲೈ 5ರಂದು ಪುಕೆಟ್ ಬಳಿ ಫೀನಿಕ್ಸ್ ಎಂಬ ಪ್ರವಾಸಿ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಚೀನೀ ಪ್ರವಾಸಿಗರು ಸತ್ತರು. ಹವಾಮಾನದ ಎಚ್ಚರಿಕೆ ಇದ್ದ ದಿನವದು. ದ್ವೀಪ ಪ್ರವಾಸದ ಹಣ ಮೊದಲೇ ಕಟ್ಟಿದ್ದೇವೆ, ಹೋಗದಿದ್ದರೆ ನಷ್ಟ ಎಂಬ ಲೆಕ್ಕಾಚಾರವನ್ನು ಗಾಳಿ ಜೋರಾದ ಬೆಳಿಗ್ಗೆ ಪಕ್ಕಕ್ಕಿಡಬೇಕು. ಹತ್ತುವ ಮುನ್ನ ಲೈಫ್ ಜಾಕೆಟ್ ಕೇಳಿರಿ, ಮಕ್ಕಳ ಅಳತೆಯದು ಬೇರೆಯೇ ಇರಬೇಕು. ದೊಡ್ಡವರ ಜಾಕೆಟ್ ತೊಡಿಸಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲಿ, ಮಗು ಕೆಳಗೆ ಜಾರಿಬಿಡಬಹುದು. ಸ್ಪೀಡ್‌ಬೋಟ್‌ನ ಮುಂಭಾಗ ಅಲೆಗೆ ಜೋರಾಗಿ ಎತ್ತಿ ಕುಕ್ಕುವುದರಿಂದ ಬೆನ್ನುನೋವಿರುವವರು, ವಯಸ್ಸಾದವರು ಹಿಂಭಾಗದಲ್ಲಿ ಕೂರಬೇಕು. ಗರ್ಭಿಣಿಯರು ಸ್ಪೀಡ್‌ಬೋಟ್ ಹತ್ತದೆ ದೊಡ್ಡ ಫೆರ್ರಿಯಲ್ಲಿ ಹೋಗಬೇಕು.

ತೀರದಲ್ಲಿ ಕೆಲವೆಡೆ ವಿನೆಗರ್ ಬಾಟಲಿ ಕಟ್ಟಿದ ಕಂಬಗಳನ್ನು ಕಾಣುವಿರಿ. ಅವು ಪೆಟ್ಟಿಗೆಯಾಕಾರದ ವಿಷಕಾರಿ ಜೆಲ್ಲಿಮೀನು ಕುಟುಕಿದಾಗ ಬಳಸಲು ಇಟ್ಟವು. ಕುಟುಕಿದ ಜಾಗವನ್ನು ಉಜ್ಜದೆ, ಸಿಹಿನೀರು ಹಾಕದೆ, ವಿನೆಗರ್ ಅನ್ನು ಕನಿಷ್ಠ ಅರ್ಧ ನಿಮಿಷ ಸುರಿದು ಆಂಬುಲೆನ್ಸ್ ಕರೆಸಬೇಕು. 2004ರ ಡಿಸೆಂಬರ್ 26ರ ಸುನಾಮಿ ಈ ಪಶ್ಚಿಮ ತೀರದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಮೇಲೆ ಎತ್ತರದ ಜಾಗದ ದಾರಿ ತೋರುವ ಫಲಕಗಳನ್ನು ಹಾಕಲಾಗಿದೆ. ನೆಲ ಬಲವಾಗಿ ನಡುಗಿದರೆ ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಸೈರನ್‌ಗೆ ಕಾಯದೆ, ಫೋಟೋ ತೆಗೆಯಲು ನಿಲ್ಲದೆ ಆ ಫಲಕಗಳ ಹಾದಿ ಹಿಡಿಯಿರಿ.

ಮಂಗ, ಬೀದಿನಾಯಿಗಳಿಗೆ ತಿಂಡಿ ಕೊಡಬೇಡಿರಿ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆ ಆರಂಭಿಸಬೇಕು. ಊರಿಗೆ ಹೋಗಿ ನೋಡೋಣವೆಂದು ಮುಂದೂಡುವ ವಿಷಯ ಇದಲ್ಲ. ಆನೆ, ಹುಲಿಗಳ ಮೈಮುಟ್ಟಿ ಫೋಟೋ ತೆಗೆಸಿಕೊಳ್ಳುವ ಜಾಗಗಳಿಗೆ ಹೋಗದಿರುವುದು ಪ್ರಾಣಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಎಂಟನೆಯ ಹೆಜ್ಜೆ: ಮೋಸಗಳನ್ನು ಗುರುತಿಸುವುದು

ಬ್ಯಾಂಕಾಕಿನ ಗ್ರ್ಯಾಂಡ್ ಪ್ಯಾಲೇಸ್ ಬಳಿ ಸಭ್ಯವಾಗಿ ಉಡುಪು ತೊಟ್ಟವರೊಬ್ಬರು ಬಂದು ಇಂದು ಅರಮನೆ ಮುಚ್ಚಿದೆಯೆಂದು ಹೇಳಿ, ಕಡಿಮೆ ದರಕ್ಕೆ ಬೇರೆ ದೇವಾಲಯ ತೋರಿಸುವ ಟುಕ್‌ಟುಕ್ ಹತ್ತಿಸುತ್ತಾರೆ. ಆ ಗಾಡಿ ಕೊನೆಗೆ ನಿಲ್ಲುವುದು ಹರಳಿನ ಅಥವಾ ಬಟ್ಟೆಯ ಅಂಗಡಿಯ ಮುಂದೆ. ಬಾಗಿಲವರೆಗೆ ನಡೆದುಹೋಗಿ ನೋಡುವುದೇ ಇದಕ್ಕೆ ಮದ್ದು. ಪುಕೆಟ್, ಪಟ್ಟಾಯಗಳಲ್ಲಿ ಜೆಟ್‌ಸ್ಕಿ ಮರಳಿಸುವಾಗ ಹಳೆಯ ಗೀರು ತೋರಿಸಿ ಸಾವಿರಾರು ಬಹ್ತ್ ಕೇಳುತ್ತಾರೆ. ರಸ್ತೆಯಲ್ಲಿ ಪ್ರವಾಸಿಯಂತೆ ಕಾಣುವವನೊಬ್ಬ ನಿಮ್ಮ ದೇಶದ ನೋಟು ಹೇಗಿರುತ್ತದೆ ತೋರಿಸಿ ಎಂದು ಪರ್ಸ್ ತೆಗೆಸಿ, ಕೈಚಳಕದಿಂದ ನೋಟುಗಳನ್ನು ಎಗರಿಸುವುದೂ ಇದೆ. ಅಪರಿಚಿತರು ಕೊಟ್ಟ ಪಾನೀಯ ಕುಡಿಯಬೇಡಿರಿ; ನೆರೆಯ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ 2024ರ ನವೆಂಬರ್‌ನಲ್ಲಿ ಮೆಥನಾಲ್ ಎಂಬ ವಿಷ ಬೆರೆತ ಮದ್ಯಕ್ಕೆ ಆರು ವಿದೇಶಿ ಪ್ರವಾಸಿಗರು ಬಲಿಯಾದರು.

ಒಂಬತ್ತನೆಯ ಹೆಜ್ಜೆ: ಅಲ್ಲಿನ ಕಾನೂನು, ಇಲ್ಲಿನ ಕಾನೂನು

ಇ-ಸಿಗರೇಟನ್ನು ಥಾಯ್ಲೆಂಡಿನೊಳಕ್ಕೆ ಒಯ್ಯುವುದು ಅಪರಾಧ. ರಾಜಮನೆತನವನ್ನು ಅವಮಾನಿಸುವ ಮಾತು, ಬರಹ, ಪೋಸ್ಟ್‌ಗೆ ಅಲ್ಲಿನ ದಂಡಸಂಹಿತೆಯ 112ನೆಯ ವಿಧಿಯ ಪ್ರಕಾರ ಮೂರರಿಂದ ಹದಿನೈದು ವರ್ಷ ಸೆರೆವಾಸವಿದೆ. ಗೆಳೆಯರ ಗುಂಪುಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ: ಹಣ ಕಟ್ಟಿ ಇಸ್ಪೀಟು ಆಡುವುದು ಹೋಟೆಲ್ ಕೋಣೆಯೊಳಗೂ ಅಪರಾಧವೇ. ಒಬ್ಬರ ಬಳಿ 120ಕ್ಕಿಂತ ಹೆಚ್ಚು ಇಸ್ಪೀಟು ಎಲೆಗಳಿರಬಾರದೆಂಬ 1935ರ ಕಾನೂನೂ ಅಲ್ಲಿದೆ. ಬುದ್ಧನ ವಿಗ್ರಹಗಳನ್ನು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿಯಿಲ್ಲದೆ ದೇಶದ ಹೊರಗೆ ತರುವಂತಿಲ್ಲ.

ಗಾಂಜಾದ ವಿಷಯದಲ್ಲಿ ಮಾತ್ರ ಬಿಡಿಸಿ ಹೇಳಬೇಕಾಗಿದೆ. 2022ರ ಜೂನ್‌ನಲ್ಲಿ ಥಾಯ್ಲೆಂಡ್ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದಾಗ ಬೀದಿಗೊಂದು ಅಂಗಡಿ ಹುಟ್ಟಿತು. 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಕಡ್ಡಾಯವೆಂಬ ನಿಯಮ ಬಂತು. ಅಲ್ಲಿ ನಿಯಮ ಏನೇ ಇದ್ದರೂ ಅದು ಭಾರತದ ನೆಲದಲ್ಲಿ ನಡೆಯುವುದಿಲ್ಲ. ಬ್ಯಾಂಕಾಕಿನಿಂದ ಬಂದ ಪ್ರಯಾಣಿಕರ ಚೀಲಗಳಲ್ಲಿ ಹೈಡ್ರೋಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ) ಗಾಂಜಾ ಸಿಕ್ಕ ಪ್ರಕರಣಗಳನ್ನು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಮತ್ತೆ ಮತ್ತೆ ದಾಖಲಿಸಿದ್ದಾರೆ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದಲೇ ಬಂದ ಪ್ರಯಾಣಿಕನ ಚೀಲದಲ್ಲಿ ಹತ್ತು ಹಳದಿ ಅನಕೊಂಡಾ ಹಾವುಗಳು ಸಿಕ್ಕಿದ್ದವು. ಉಚಿತ ಟಿಕೆಟ್, ಉಚಿತ ಹೋಟೆಲ್, ಬರುವಾಗ ಒಂದು ಚಾಕೊಲೇಟ್ ಪೆಟ್ಟಿಗೆ ತಂದುಕೊಟ್ಟರೆ ಸಾಕು ಎಂಬ ಮಾತಿಗೆ ಕೆಲಸವಿಲ್ಲದ ಹುಡುಗರು, ಕಾಲೇಜು ವಿದ್ಯಾರ್ಥಿಗಳು ಮರುಳಾಗುವ ಅಪಾಯವಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ವಾಣಿಜ್ಯ ಪ್ರಮಾಣದ ಮಾದಕ ವಸ್ತುವಿಗೆ ಹತ್ತರಿಂದ ಇಪ್ಪತ್ತು ವರ್ಷಗಳ ಕಠಿಣ ಸೆರೆವಾಸ. ಚೀಲದಲ್ಲಿ ಏನಿತ್ತೆಂದು ತಿಳಿದಿರಲಿಲ್ಲ ಎಂಬುದನ್ನು ಆ ಕಾಯ್ದೆಯ ಪ್ರಕಾರ ಆರೋಪಿಯೇ ಸಾಬೀತುಪಡಿಸಬೇಕು. ನಿಮ್ಮ ಚೀಲವನ್ನು ನೀವೇ ತುಂಬಿರಿ, ಬೀಗ ಹಾಕಿರಿ, ವಿಮಾನ ನಿಲ್ದಾಣದ ಸಾಲಿನಲ್ಲಿ ಕನ್ನಡದಲ್ಲಿಯೇ ಮಾತನಾಡಿಸಿ ಲಗೇಜು ತೂಕ ಹೆಚ್ಚಾಗಿದೆ, ಇದೊಂದು ಬ್ಯಾಗ್ ತೆಗೆದುಕೊಳ್ಳಿ ಎನ್ನುವವರಿಗೂ ಆಗುವುದಿಲ್ಲವೆನ್ನಿರಿ. ಇದರಲ್ಲಿ ದಾಕ್ಷಿಣ್ಯ ಕೂಡದು.

ಪ್ರವಾಸದಲ್ಲಿರುವಾಗ ಡೇಟಾ ಎಂಟ್ರಿ ಕೆಲಸ, ಡಾಲರ್ ಸಂಬಳ ಎಂದು ಯಾರಾದರೂ ಆಸೆ ತೋರಿಸಿ ಮೇ ಸೋಟ್ ಎಂಬ ಗಡಿ ಊರಿಗೆ ಕರೆದರೆ ಹೋಗಬೇಡಿರಿ. ಅಲ್ಲಿಂದ ಹೊಳೆ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಶಿಬಿರಗಳಲ್ಲಿ ಕೂಡಿಹಾಕುವ ಜಾಲವಿದೆ. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ಹತ್ತನೆಯ ಹೆಜ್ಜೆ: ತೊಂದರೆಯಾದ ದಿನ

ಪ್ರವಾಸಿ ಪೊಲೀಸ್ 1155, ಪೊಲೀಸ್ 191, ಆಂಬುಲೆನ್ಸ್ 1669, ಅಗ್ನಿಶಾಮಕ 199. ಇವನ್ನು ಕಾಗದದಲ್ಲಿ ಬರೆದು ಮಕ್ಕಳ ಜೇಬಿನಲ್ಲಿಯೂ ಇಡಿರಿ, ಹೋಟೆಲಿನ ವಿಸಿಟಿಂಗ್ ಕಾರ್ಡ್ ಜೊತೆಗಿರಲಿ. ಇಂಗ್ಲಿಷಿನಲ್ಲಿ ಮಾತನಾಡಬೇಕಾದರೆ 1155ಕ್ಕೇ ಮೊದಲು ಕರೆ ಮಾಡುವುದು ಅನುಕೂಲ.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ ಅದರ ಪ್ರತಿ ಪಡೆಯಬೇಕು. ಅನಂತರ ಆ ಪ್ರತಿ, ಜೆರಾಕ್ಸ್, ಫೋಟೋಗಳೊಂದಿಗೆ ಬ್ಯಾಂಕಾಕಿನ ಸುಖುಮ್ವಿತ್ ರಸ್ತೆಯ 23ನೆಯ ಅಡ್ಡರಸ್ತೆಯಾದ ಸೋಯ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಹೋದರೆ, ಭಾರತಕ್ಕೆ ಒಮ್ಮೆ ಮರಳಲು ಸಾಕಾಗುವ ತುರ್ತು ಪ್ರಮಾಣಪತ್ರವನ್ನು ಕೊಡುತ್ತಾರೆ. ಉತ್ತರದಲ್ಲಿರುವವರಿಗೆ ಚಿಯಾಂಗ್ ಮಾಯ್‌ನಲ್ಲಿಯೂ ಭಾರತದ ಕಾನ್ಸುಲೇಟ್ ಇದೆ. ಹೊರಡುವ ಮುನ್ನ ಥಾಯ್ ವಲಸೆ ಕಚೇರಿಯಲ್ಲಿ ನೀವು ದೇಶದೊಳಕ್ಕೆ ಬಂದ ದಾಖಲೆಯನ್ನು ಆ ಹೊಸ ಪತ್ರಕ್ಕೆ ಜೋಡಿಸಿಕೊಳ್ಳಬೇಕಾಗಬಹುದು, ಆದ್ದರಿಂದ ಒಂದೆರಡು ದಿನ ಹೆಚ್ಚು ಬೇಕೆಂದೇ ಎಣಿಸಿರಿ.

ಆಸ್ಪತ್ರೆ ಸೇರಬೇಕಾದರೆ ದಾಖಲಾದ ಕೂಡಲೇ ವಿಮಾ ಕಂಪನಿಯ ಸಹಾಯವಾಣಿಗೆ ತಿಳಿಸಿ, ಅವರು ಕೊಡುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ತಡವಾಗಿ ತಿಳಿಸಿದರೆ ನಗದುರಹಿತ ಸೌಲಭ್ಯ ಕೈತಪ್ಪಬಹುದು. ಪೊಲೀಸರು ಬಂಧಿಸಿದರೆ ಓದಲು ಬಾರದ ಥಾಯ್ ಕಾಗದಕ್ಕೆ ಸಹಿ ಹಾಕಬೇಡಿರಿ, ದುಭಾಷಿಯನ್ನು ಕೇಳಿರಿ, ರಾಯಭಾರ ಕಚೇರಿಗೆ ತಿಳಿಸಬೇಕೆಂದು ಹೇಳಿರಿ. 1963ರ ವಿಯೆನ್ನಾ ಒಪ್ಪಂದದಲ್ಲಿ ಬಂಧಿತ ವಿದೇಶೀಯನಿಗೆ ಈ ಹಕ್ಕನ್ನು ಮಾನ್ಯ ಮಾಡಲಾಗಿದೆ. ರಾಯಭಾರ ಕಚೇರಿಯವರು ದಂಡ ಕಟ್ಟುವುದಿಲ್ಲ, ಮೊಕದ್ದಮೆ ನಿಲ್ಲಿಸುವುದೂ ಇಲ್ಲ. ಆದರೆ ಮನೆಯವರಿಗೆ ತಿಳಿಸಲು, ವಕೀಲರನ್ನು ಗೊತ್ತುಮಾಡಿಕೊಳ್ಳಲು ನೆರವಾಗುತ್ತಾರೆ. ಊರಿನಲ್ಲಿರುವ ಬಂಧುಗಳು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಥಾಯ್ಲೆಂಡಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿರುವುದನ್ನು ನೆನಪಿಟ್ಟು, ಪ್ರತಿದಿನ ನಿಗದಿತ ಹೊತ್ತಿಗೆ ಊರಿಗೊಂದು ಸಂದೇಶ ಕಳುಹಿಸುವ ಒಪ್ಪಂದ ಮಾಡಿಕೊಂಡಿದ್ದರೆ, ಸಂದೇಶ ಬಾರದ ದಿನ ಅವರು ಬೇಗ ಎಚ್ಚೆತ್ತುಕೊಳ್ಳುತ್ತಾರೆ.

ಮರಳಿದ ಮೇಲೆ

ಕಾರ್ಡುಗಳ ವಿದೇಶಿ ಬಳಕೆಯನ್ನು ಆ್ಯಪ್‌ನಲ್ಲಿ ಮತ್ತೆ ಮುಚ್ಚಿ, ಒಂದು ತಿಂಗಳವರೆಗೆ ಖಾತೆಯ ವಿವರಗಳನ್ನು ಗಮನಿಸುತ್ತಿರಿ. ಅಲ್ಲಿ ರೇಬೀಸ್ ಲಸಿಕೆ ಆರಂಭಿಸಿದ್ದರೆ ಆಸ್ಪತ್ರೆಯ ಚೀಟಿಯೊಂದಿಗೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ ಉಳಿದ ಡೋಸ್‌ಗಳನ್ನು ನಿಗದಿತ ದಿನಗಳಂದೇ ಹಾಕಿಸಿಕೊಳ್ಳಬೇಕು. ಮರಳಿದ ಎರಡು ವಾರಗಳೊಳಗೆ ಯಾರಿಗಾದರೂ ಜ್ವರ ಬಂದರೆ ಆಸ್ಪಿರಿನ್, ಬ್ರೂಫೆನ್ ಮಾತ್ರೆಗಳನ್ನು ನುಂಗದೆ ವೈದ್ಯರಲ್ಲಿಗೆ ಹೋಗಿ, ಯಾವ ಊರಿನಲ್ಲಿ ಎಷ್ಟು ದಿನ ಇದ್ದಿರೆಂಬುದನ್ನು ಮೊದಲು ಹೇಳಿರಿ. ಡೆಂಗಿಯ ರಕ್ತಪರೀಕ್ಷೆ ಬೇಕೇ ಎಂಬುದನ್ನು ಅವರು ಅದರ ಮೇಲೆ ನಿರ್ಧರಿಸುತ್ತಾರೆ.